ಎಕ್ಸ್‌ಟ್ರಾ ಚಟ್ನಿ ಹತ್ತು ರೂಪಾಯಿ

ಆಫೀಸಿನ ಹಿಂದಿನ ರಸ್ತೆಯ ದರ್ಶಿನಿಯಲ್ಲಿ ನಾನು ಬೆಳಗಿನ ತಿಂಡಿ ತಿನ್ನಲು ಶುರು ಮಾಡಿ ವರ್ಷಗಳೇ ಕಳೆದವು. ಹೆಸರು ಬರೆಯುವುದಿಲ್ಲ. ಬೆಂಗಳೂರಿನಲ್ಲಿ ಇಂಥದ್ದು ರಸ್ತೆಗೊಂದು ಇದೆ, ನಿಮ್ಮ ರಸ್ತೆಯದ್ದೂ ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಇಷ್ಟು ದಿನ ಇದರ ಬಗ್ಗೆ ಬರೆಯಬೇಕು ಅನಿಸಿರಲಿಲ್ಲ. ಈಗ ಗಲ್ಲಾದ ಪಕ್ಕ ಒಂದು ಹಾಳೆ ಅಂಟಿಸಿದ್ದಾರೆ: "ಎಕ್ಸ್‌ಟ್ರಾ ಚಟ್ನಿ ರೂ. 10." ಅದರಿಂದ ಶುರುವಾದ ಸಿಟ್ಟು ಇದು.

ಮೆನು ಹೇಳುತ್ತಾ ಕೂರುವುದಿಲ್ಲ. ಇಡ್ಲಿ, ವಡೆ, ಖಾರಾ ಬಾತ್, ಸೆಟ್ ದೋಸೆ, ಎಲ್ಲ ಕಡೆ ಇರುವುದೇ. ನನ್ನದು ಯಾವಾಗಲೂ ಎರಡು ಇಡ್ಲಿ, ಒಂದು ವಡೆ, ಆಮೇಲೆ ಕಾಫಿ. ಸದ್ಯ ಎಲ್ಲ ಸೇರಿ 95 ರೂಪಾಯಿ. ತಿಂಗಳ ಮೊದಲಲ್ಲೇ ಹೋಟೆಲ್ ತಿಂಡಿಗೆ ಅಂತ ಎರಡೂವರೆ ಸಾವಿರ ಬೇರೆ ಎತ್ತಿಡುತ್ತೇನೆ, ಅದರಾಚೆ ಒಂದು ಪೈಸೆ ಹೋಗುವುದಿಲ್ಲ. ಆಡಿಟರ್ ಆಫೀಸಿನಲ್ಲಿ ಜಿಎಸ್‌ಟಿ ರಿಟರ್ನ್ಸ್ ಹಾಕುವವಳು ನಾನು, ಈ ಚಟ ಮನೆಯ ಲೆಕ್ಕದಲ್ಲೂ ಬಿಟ್ಟಿಲ್ಲ.

ಟೋಕನ್ ಹಿಡಿದು ಒಳಗಿನ ಕೌಂಟರಿಗೆ ಹೋದರೆ "ಸಾಂಬಾರ್ ಡಿಪ್ಪಾ, ಸಪರೇಟಾ?" ಎಂಬ ಪ್ರಶ್ನೆ. ನಾನು ಸಪರೇಟ್ ಪಂಗಡ. ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸುವವರ ಮೇಲೆ ನನಗೆ ದ್ವೇಷವಿಲ್ಲ, ಆದರೆ ಇಡ್ಲಿಗೆ ಜೊತೆ ಚಟ್ನಿಯೇ ಅಂತ ನನ್ನ ನಂಬಿಕೆ. ತಟ್ಟೆ ತಗೊಂಡು ಕಿಟಕಿ ಕಡೆಯ ಕಲ್ಲುಕಟ್ಟೆಗೆ ಹೋಗಿ, ಮೊದಲು ಬಿಸಿ ಇಡ್ಲಿಯ ಒಂದು ಅಂಚು ಮುರಿದು, ಚಟ್ನಿಗೆ ಒತ್ತಿ ತಿನ್ನುತ್ತೇನೆ. ಅದರಲ್ಲೇ ಆ ದಿನದ ರುಬ್ಬು ಗೊತ್ತಾಗುತ್ತದೆ. ಕಾಯಿ ಜಾಸ್ತಿ ಬಿದ್ದ ದಿನ ಚಟ್ನಿ ಸಡಿಲವಾಗಿ ಹರಿಯುತ್ತದೆ, ಸಿಹಿ ಇರುತ್ತದೆ. ಹುರಿಗಡಲೆ ಜಾಸ್ತಿಯಾದರೆ ಎರಡನೇ ಇಡ್ಲಿಗೆ ಬರುವಷ್ಟರಲ್ಲಿ ಅಂಚಿನಲ್ಲೆಲ್ಲ ಗಟ್ಟಿಯಾಗಿ ಕೂತುಬಿಡುತ್ತದೆ. ವಡೆಯನ್ನು ಮಾತ್ರ ಸಾಂಬಾರಿಗೆ ಬಿಡುತ್ತೇನೆ, ಅದೂ ಅರ್ಧ.

ಈಗ ವಿಷಯಕ್ಕೆ ಬರುತ್ತೇನೆ. ಎರಡು ಇಡ್ಲಿ ಮುಗಿಯಲು ಎರಡು ಸೌಟು ಚಟ್ನಿ ಬೇಕು. ಮೊದಲು ಒಂದು ಸೌಟು ತಟ್ಟೆಗೇ ಸುರಿಯುತ್ತಿದ್ದರು, ಇನ್ನೊಂದು ಕೇಳಿದಾಗ ಸಿಗುತ್ತಿತ್ತು. ಈಗ ತಟ್ಟೆಯಲ್ಲೊಂದು ಪುಟ್ಟ ಬಟ್ಟಲು ಇಟ್ಟು ಅದರಲ್ಲಿ ಮುಕ್ಕಾಲು ತುಂಬಿಸುತ್ತಾರೆ. ಅದು ಒಂದೂಕಾಲು ಇಡ್ಲಿಗೆ ಸಾಕಾಗುತ್ತದೆ. ಉಳಿದ ಮುಕ್ಕಾಲು ಇಡ್ಲಿಯನ್ನು ಒಣಒಣವಾಗಿಯೇ ತಿನ್ನಬೇಕು, ಇಲ್ಲವೇ ಮತ್ತೆ ಗಲ್ಲಾದ ಕ್ಯೂ ಹಿಡಿದು ಟೋಕನ್ ತರಬೇಕು. ತಂದು ಬರುವಷ್ಟರಲ್ಲಿ ಇಡ್ಲಿ ಆರಿರುತ್ತದೆ, ತಟ್ಟೆ ಇಟ್ಟ ಜಾಗದಲ್ಲಿ ಬೇರೆ ಯಾರೋ ಬ್ಯಾಗ್ ಇಟ್ಟಿರುತ್ತಾರೆ. ಎಕ್ಸ್‌ಟ್ರಾ ಅಂತ ಬರೆದಿರುವುದು ಎಕ್ಸ್‌ಟ್ರಾ ಅಲ್ಲವೇ ಅಲ್ಲ. ಇಡ್ಲಿಯ ರೇಟು ಏರಿಸಿ, ಏರಿಸಿಲ್ಲ ಅಂತ ಬೋರ್ಡಿನಲ್ಲಿ ತೋರಿಸುವ ಉಪಾಯ ಅದು. ನೇರವಾಗಿ ಐದು ರೂಪಾಯಿ ಏರಿಸಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಎಷ್ಟೋ ಸಲ ಏರಿಸಿದ್ದಾರೆ, ಕೊಟ್ಟಿದ್ದೇನೆ.

ಅವರ ಖರ್ಚು ನನಗೆ ಗೊತ್ತಿಲ್ಲದ್ದೇನಲ್ಲ. 2017ರ ನವೆಂಬರ್‌ನಿಂದ ಇಂಥ ಹೋಟೆಲುಗಳಿಗೆ ಜಿಎಸ್‌ಟಿ 5 ಪರ್ಸೆಂಟ್, ಆದರೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ತಾವು ಕೊಳ್ಳುವುದರ ಮೇಲೆ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಹಾಗಿಲ್ಲ. ಕಾಂಪೊಸಿಷನ್‌ನಲ್ಲಿರುವ, ಅಂದರೆ ಒಟ್ಟು ವಹಿವಾಟಿನ ಮೇಲೆ ಇಷ್ಟು ಪರ್ಸೆಂಟ್ ಅಂತ ತೆರಿಗೆ ಕಟ್ಟುವ ಸರಳ ಪದ್ಧತಿಯಲ್ಲಿರುವ, ಸಣ್ಣ ಹೋಟೆಲಿಗೂ ಇಲ್ಲ. ಹಾಗಾಗಿ ಹೋಟೆಲಿನ 19 ಕೆ.ಜಿ. ಗ್ಯಾಸ್ ಸಿಲಿಂಡರಿನ ಮೇಲೆ ಕಟ್ಟುವ 18 ಪರ್ಸೆಂಟ್ ವಾಪಸ್ ಬರುವುದಿಲ್ಲ. ಕಟ್ಟಡದ ಮಾಲೀಕರು ಜಿಎಸ್‌ಟಿಯಲ್ಲಿ ರಿಜಿಸ್ಟರ್ ಆಗಿದ್ದರೆ ಬಾಡಿಗೆಯ ಮೇಲಿನ 18 ಕೂಡ ಹೋಯಿತು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಅದೇ ವರ್ಷ ತೆಂಗಿನಕಾಯಿ ಕೆ.ಜಿ.ಗೆ 60 ದಾಟಿದಾಗ ನಮ್ಮ ಮನೆಯಲ್ಲೇ ಪಲ್ಯಕ್ಕೆ ಕಾಯಿ ತುರಿ ಉದುರಿಸುವುದು ನಿಂತಿತ್ತು, ಇನ್ನು ಕೊಳಗಗಟ್ಟಲೆ ರುಬ್ಬುವವರ ಕಥೆ ಕೇಳಬೇಕೆ? (ಅಂದ ಹಾಗೆ, ಕಾಂಪೊಸಿಷನ್‌ನಲ್ಲಿರುವ ಹೋಟೆಲು ಗಿರಾಕಿಯಿಂದ ಜಿಎಸ್‌ಟಿ ಅಂತ ಬೇರೆ ವಸೂಲಿ ಮಾಡುವ ಹಾಗಿಲ್ಲ. ಬಿಲ್ಲಿನಲ್ಲಿ "ಕಾಂಪೊಸಿಷನ್" ಅಂತಲೂ ಇದ್ದು, ಕೆಳಗೆ ಜಿಎಸ್‌ಟಿ ಸಾಲೂ ಇದ್ದರೆ ಕೇಳಿ. ನಮ್ಮ ದರ್ಶಿನಿಯವರು ಈ ವಿಷಯದಲ್ಲಿ ಶುದ್ಧ, ಬೋರ್ಡಿನಲ್ಲಿದ್ದಷ್ಟೇ ತಗೊಳ್ಳುತ್ತಾರೆ.)

ಹೀಗಿರುವಾಗ ನನಗೆ ನೆನಪಾಗುವುದು ಲಾಲ್‌ಬಾಗ್ ರಸ್ತೆಯ ಎಂಟಿಆರ್. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲ್ ತಿಂಡಿಗಳಿಗೆ ಕಡಿಮೆ ದರ ಗೊತ್ತು ಮಾಡಿತ್ತು. ಎಂಟಿಆರ್‌ನವರು ತಿಂಡಿಯ ಗುಣಮಟ್ಟ ಇಳಿಸದೆ ಅದೇ ದರಕ್ಕೆ ಕೊಟ್ಟು, ದಿನದ ನಷ್ಟ ಎಷ್ಟಾಯಿತು ಅಂತ ಹೊರಗೆ ಬೋರ್ಡ್ ಬರೆದು ಹಾಕುತ್ತಿದ್ದರು. ಕೊನೆಗೆ ನಡೆಸಲಾಗದೆ ಹೋಟೆಲನ್ನೇ ಮುಚ್ಚಿ, ಮಸಾಲೆ ಪುಡಿ, ರೆಡಿ ಮಿಕ್ಸ್ ಮಾರಲು ಹೊರಟರು. ಹೋಟೆಲು ಮತ್ತೆ ತೆರೆದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ದರ್ಶಿನಿಯವರು ನಷ್ಟದ ಲೆಕ್ಕ ತೋರಿಸಲಿ ಅಂತ ನಾನು ಹೇಳುತ್ತಿಲ್ಲ. "ಕಾಯಿ ರೇಟು ಏರಿದೆ, ಇಡ್ಲಿಗೆ ಐದು ರೂಪಾಯಿ ಜಾಸ್ತಿ" ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬೋರ್ಡ್ ಬರೆಯುವುದರಲ್ಲೂ ಒಂದು ಮರ್ಯಾದೆ ಇದೆ.

ಇನ್ನು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. ಅಲ್ಲಿ ಸಾಂಬಾರ್ ಅನ್ನುವುದೇ ಇಲ್ಲ, ಇರುವುದು ಚಟ್ನಿ ಒಂದೇ. ತಟ್ಟೆ ಹಿಡಿದು ಎಷ್ಟು ಸಲ ಹೋದರೂ ಸುರಿಯುತ್ತಾರೆ. ನಾಲ್ಕೈದು ಐಟಮ್ ಇಟ್ಟುಕೊಂಡು 1965ರಿಂದ ನಡೆಸಿಕೊಂಡು ಬಂದಿದ್ದಾರೆ. ಅಲ್ಲಿಯ ವ್ಯಾಪಾರ ದೊಡ್ಡದು, ನಮ್ಮ ರಸ್ತೆಯವರಿಗೆ ಹೋಲಿಸುವುದು ನ್ಯಾಯವಲ್ಲ ಅಂತ ನಮ್ಮ ಆಫೀಸಿನ ಸೀನಿಯರ್ ಒಬ್ಬರು ಹೇಳಿದರು. ಇರಬಹುದು. ಆದರೆ ಚಟ್ನಿ ಇಲ್ಲದ ಇಡ್ಲಿ ಎರಡೂ ಕಡೆ ಅಷ್ಟೇ ಒಣ.

ಇಷ್ಟೆಲ್ಲ ಬೈದ ಮೇಲೂ ಹೋಗುವುದು ಬಿಟ್ಟಿದ್ದೀಯಾ ಅಂದರೆ, ಇಲ್ಲ. ಒಂದು ಕಾರಣ ಗಂಡಸರಿಗೆ ಬೇಗ ಹೊಳೆಯುವುದಿಲ್ಲ. ನಮ್ಮಮ್ಮನ ಕಾಲದಲ್ಲಿ ಹೆಂಗಸೊಬ್ಬಳು ಹೋಟೆಲಿಗೆ ಹೋದರೆ ಹಿಂದಿನ "ಫ್ಯಾಮಿಲಿ ರೂಮ್" ತೋರಿಸುತ್ತಿದ್ದರಂತೆ, ಒಬ್ಬಳೇ ಹೋಗುವ ಮಾತೇ ಇರಲಿಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಗಿ, ದುಡ್ಡು ಕೊಟ್ಟು ನೀವೇ ತಗೊಂಡು ನಿಂತು ತಿನ್ನಿ ಅನ್ನುವ ಪದ್ಧತಿ ಊರೆಲ್ಲ ಹಬ್ಬಿತು. ಕುರ್ಚಿ ಹೋದ ಕೂಡಲೇ ಯಾರು ಯಾರ ಜೊತೆ ಕೂತಿದ್ದಾರೆ ಅನ್ನುವ ಪ್ರಶ್ನೆಯೂ ಹೋಯಿತು. ಬೆಳಗ್ಗೆ ಎಂಟಕ್ಕೆ ನಾನು ಒಬ್ಬಳೇ ನಿಂತು, ಯಾರ ಮುಖವನ್ನೂ ನೋಡದೆ, ಹತ್ತು ನಿಮಿಷ ತಿಂದು ಹೊರಡುತ್ತೇನೆ. ಪಕ್ಕದಲ್ಲಿ ಒಬ್ಬರು ಡ್ರೈವರ್, ಆ ಕಡೆ ಲ್ಯಾಪ್‌ಟಾಪ್ ಬ್ಯಾಗಿನ ಹುಡುಗ, ಈ ಕಡೆ ವಾಕಿಂಗ್ ಮುಗಿಸಿದ ಹಿರಿಯರು ಬೈಟು ಕಾಫಿಗೆ ಜೊತೆ ಹುಡುಕುತ್ತಾ ಇರುತ್ತಾರೆ. ಈ ಹತ್ತು ನಿಮಿಷಕ್ಕೆ ಬೆಲೆ ಕಟ್ಟಿದರೆ 95 ರೂಪಾಯಿ ಸೋವಿ.

ಎರಡನೆಯದು ಕಾಫಿ. ಕೋವಿಡ್ ಕಾಲದಲ್ಲಿ ಪೇಪರ್ ಕಪ್ಪಿಗೆ ಹೋದವರು ಎಷ್ಟೋ ಕಡೆ ವಾಪಸ್ ಬರಲೇ ಇಲ್ಲ. ಇಲ್ಲಿ ಮತ್ತೆ ಸ್ಟೀಲ್ ಲೋಟ ಬಂತು. ಕಾಫಿ ಅಣ್ಣ ಡಿಕಾಕ್ಷನ್ ಹಾಕಿಟ್ಟ ಲೋಟಗಳನ್ನು ಸಾಲಾಗಿ ನಿಲ್ಲಿಸಿ, ಮೇಲಿನಿಂದ ಹಾಲು ಬಿಟ್ಟುಕೊಂಡು ಹೋಗುತ್ತಾರೆ. ನನ್ನದು ಬಂದಾಗ ಕೈ ಒಂದು ಕ್ಷಣ ಮೊದಲೇ ನಿಲ್ಲುತ್ತದೆ, ಸ್ಟ್ರಾಂಗ್ ಅಂತ ಹೇಳಬೇಕಾಗಿಲ್ಲ. ಲೋಟದ ಅಂಚು ಸುಡುತ್ತದೆ, ಮೇಲಿನ ಸುತ್ತನ್ನು ಎರಡು ಬೆರಳಲ್ಲಿ ಹಿಡಿದು ಊದಿ ಕುಡಿಯಬೇಕು. ಈ ಕಾಫಿಗಾಗಿ ನಾನು ಬೇಕಾದಷ್ಟು ಸಿಟ್ಟು ನುಂಗಬಲ್ಲೆ.

ಮೂರನೆಯದು, ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕುತ್ತಾರೆ ಅಂತ 2025ರ ಫೆಬ್ರವರಿಯಲ್ಲಿ ದೊಡ್ಡ ಸುದ್ದಿಯಾಗಿ, ಸರ್ಕಾರ ಅದನ್ನು ನಿಷೇಧಿಸಿತಲ್ಲ, ಆ ವಾರ ನಾನು ಕೌಂಟರಿನ ಮೇಲೆ ಬಗ್ಗಿ ಇಡ್ಲಿ ಪಾತ್ರೆ ನೋಡಿದ್ದೆ. ಬಿಳಿ ಬಟ್ಟೆಯೇ ಇತ್ತು. ಹೊಸದೂ ಅಲ್ಲ, ಅಂಚು ಹಳದಿಯಾದ ಹಳೇ ಬಟ್ಟೆ. ಸುದ್ದಿ ಬಂದ ಮೇಲೆ ತಂದದ್ದಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

ಚಟ್ನಿಗೆ ಒಂದು ದಾರಿ ಸಿಕ್ಕಿದೆ, ಬಡಿಸುವ ಅಣ್ಣನೇ ಹೇಳಿಕೊಟ್ಟಿದ್ದು. "ಮೇಡಂ, ಎರಡನೇ ಸಲ ಬಂದ್ರೆ ಓನರ್ ಟೋಕನ್ ಕೇಳ್ತಾರೆ. ತಟ್ಟೆ ಕೊಡೋವಾಗ್ಲೇ ಜಾಸ್ತಿ ಅಂದ್ಬಿಡಿ, ಬಟ್ಟಲು ತೆಗೆದು ಹಾಕ್ತೀನಿ." ಈಗ ಹಾಗೇ ಮಾಡುತ್ತೇನೆ. ಬಟ್ಟಲಿಲ್ಲದ ತಟ್ಟೆಯಲ್ಲಿ ಎರಡು ಸೌಟು ಒಟ್ಟಿಗೆ ಬಿದ್ದು ಸಾಂಬಾರಿನವರೆಗೂ ಹರಿಯುತ್ತದೆ, ಡಿಪ್ ಪಂಗಡಕ್ಕೂ ನನಗೂ ಈಗ ಅಷ್ಟೇನೂ ವ್ಯತ್ಯಾಸವಿಲ್ಲ. ನಿಯಮ ಕಾಗದದ ಮೇಲಿದೆ, ಸೌಟು ಅಣ್ಣನ ಕೈಯಲ್ಲಿದೆ. ಗಲ್ಲಾದಲ್ಲಿ ಓನರ್ ಕೂತ ದಿನ ಮಾತ್ರ ಈ ಏರ್ಪಾಡು ನಡೆಯುವುದಿಲ್ಲ, ಅಂಥ ದಿನ ಖಾರಾ ಬಾತ್ ತಗೊಳ್ಳುತ್ತೇನೆ.

ಹೊಸದಾಗಿ ಹೋಗುವವರಿಗೆ ಇಷ್ಟು ಹೇಳಬಲ್ಲೆ. ಮಧ್ಯಾಹ್ನದ 120 ರೂಪಾಯಿ ಊಟ ಬೇಡ. ಪಲ್ಯ ಬೆಳಗಿನದು, ಸಾರಿಗೂ ಸಾಂಬಾರಿಗೂ ಇರುವುದು ನೀರಿನ ವ್ಯತ್ಯಾಸ ಅಷ್ಟೇ. ಸೆಟ್ ದೋಸೆ ಒಂಬತ್ತರೊಳಗೆ ಚೆನ್ನಾಗಿರುತ್ತದೆ, ಆಮೇಲೆ ಹಿಟ್ಟು ಹುಳಿಯಾಗುತ್ತದೆ. ಪಾರ್ಸಲ್ ಡಬ್ಬಕ್ಕೆ ಐದು ರೂಪಾಯಿ ಬೇರೆ. ಮನೆಯಿಂದ ಸ್ಟೀಲ್ ಡಬ್ಬ ಒಯ್ದರೆ ಅದು ಉಳಿಯುತ್ತದೆ, ಮುಖ ಸಿಂಡರಿಸದೆ ಹಾಕಿಕೊಡುತ್ತಾರೆ. ಸಾಂಬಾರಿಗೆ ಮಾತ್ರ ಮುಚ್ಚಳ ಬಿಗಿ ಇರುವ ಡಬ್ಬ ಒಯ್ಯಿರಿ.