ಗುಂಡನ ಸೂರ್ಯ: ಆರ್ಕೇಡಿಯಾ ಪ್ರೋ ಟಿ5 ಯುವಿ ಕಿಟ್, ಒಂದೂವರೆ ವರ್ಷ ಬಳಸಿದ ಮೇಲೆ

ನಮ್ಮ ಮನೆಯಲ್ಲಿ ಮೊದಲು ಬೆಳಗಾಗುವುದು ಗುಂಡನಿಗೆ. ಏಳೂವರೆಗೆ ಟೈಮರ್ ಟಿಕ್ ಅನ್ನುತ್ತದೆ, ಊಟದ ಕೋಣೆಯ ಮೂಲೆಯಲ್ಲಿ ಟ್ಯೂಬ್ ಹತ್ತುತ್ತದೆ. ಹೊರಗೆ ಇಂಗ್ಲೆಂಡಿನ ರೆಡಿಂಗ್ ಊರಿನ ಜನವರಿ ಕತ್ತಲೆ. ಒಣಹುಲ್ಲಿನ ಗುಡ್ಡೆ ಒಂದು ಸಲ ಅಲುಗಾಡಿ, ಮೊದಲು ಮೂಗು ಬರುತ್ತದೆ, ಆಮೇಲೆ ಗುಂಡ.

ಗುಂಡ ಹರ್ಮನ್ ಜಾತಿಯ ಆಮೆ. ಇಟಲಿ, ಗ್ರೀಸ್, ಬಾಲ್ಕನ್ ಕಡೆಯ ಗುಡ್ಡಗಾಡಿನದು. ನಾಲ್ಕು ವರ್ಷ, ಅಂಗೈ ತುಂಬುವಷ್ಟು. ಮಾರುವುದಕ್ಕೆ ಇಲ್ಲಿ ಆರ್ಟಿಕಲ್ 10 ಅನ್ನುವ ಸರ್ಕಾರಿ ಕಾಗದ ಬೇಕು, ಗುಂಡನ ಜೊತೆ ಅದು ಬಂದಿದೆ. ಊರಿನವರು ಯಾರಾದರೂ ಇದನ್ನು ಓದಿ ನಕ್ಷತ್ರ ಆಮೆ ಹುಡುಕಿಕೊಂಡು ಹೋಗಬೇಡಿ ಮತ್ತೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನು ಮನೆಯಲ್ಲಿ ಇಟ್ಟುಕೊಂಡರೆ ಜೈಲು. ತುಮಕೂರಿನಲ್ಲಿರುವ ನನ್ನ ತಮ್ಮನಿಗೂ ಇದನ್ನೇ ಹೇಳಿ ಬಾಯಿ ಮುಚ್ಚಿಸಿದ್ದೇನೆ.

ಈ ಕಿಟ್ ತರುವ ಮುಂಚಿನ ಕಥೆ ಮೊದಲು ಹೇಳಬೇಕು. ಗುಂಡ ಬಂದ ಹೊಸದರಲ್ಲಿ ಒಂದು ಪೆಟ್ ಅಂಗಡಿಯವರು ಸುರುಳಿ ಆಕಾರದ ಚಿಕ್ಕ ಯುವಿ ಬಲ್ಬು (ಯುವಿ ಅಂದರೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ), ಕ್ಲಿಪ್ ಇರುವ ಹೋಲ್ಡರ್ ಎರಡೂ ಸೇರಿಸಿ ಕೊಟ್ಟರು. ಪೆಟ್ಟಿಗೆಯ ಅಂಚಿಗೆ ಸಿಕ್ಕಿಸಿ ಸಾಕು ಅಂದರು. ಸಿಕ್ಕಿಸಿದೆ. ಬೆಳಕು ಪಕ್ಕದಿಂದ, ಹೆಚ್ಚುಕಡಿಮೆ ಗುಂಡನ ಮುಖದ ಮಟ್ಟಕ್ಕೇ ಬೀಳುತ್ತಿತ್ತು. ಎರಡು ವಾರಕ್ಕೆ ಅವನು ಕಣ್ಣು ತೆಗೆಯುವುದನ್ನೇ ಬಿಟ್ಟ. ಮೂಗಿನ ಹತ್ತಿರ ದಂಡೇಲಿಯನ್ ಎಲೆ ಹಿಡಿದರೂ ಇಲ್ಲ. ನಿದ್ದೆ ಅಂದುಕೊಂಡೆ ನಾನು, ದಡ್ಡಿ. ಕೊನೆಗೆ ಆಮೆ, ಹಾವು ನೋಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ, ಅವರು ಗುಂಡನನ್ನು ಮುಟ್ಟುವ ಮೊದಲೇ ಕೇಳಿದ್ದು, "ಲೈಟ್ ಎಲ್ಲಿಟ್ಟಿದ್ದೀರಿ?"

ಆಮೆಗೂ ನಮ್ಮ ಹಾಗೆ ಕಣ್ಣಿನ ಮೇಲೆ ಹುಬ್ಬಿನ ಮೂಳೆ ಇದೆ. ಮೇಲಿನ ಬಿಸಿಲಿಗೆ ಅದೇ ಸೂರು. ಪಕ್ಕದಿಂದ ಬರುವ ಬೆಳಕಿಗೆ ಅದು ಏನು ಮಾಡೀತು? ಬಲ್ಬು ತೆಗೆದೆವು, ಮುಲಾಮು ಹಾಕಿದೆವು, ಐದನೇ ದಿನ ಕಣ್ಣು ತೆಗೆದ. ಆ ಬಲ್ಬು ಕೆಟ್ಟದ್ದು ಅನ್ನುವುದಕ್ಕಿಂತ ಇಟ್ಟ ಜಾಗ ಕೆಟ್ಟದ್ದಿತ್ತು ಅಂತ ಈಗ ಅನ್ನಿಸುತ್ತದೆ.

ಆಮೇಲೆ ತಂದಿದ್ದು ಈ ಕಿಟ್: 34 ಇಂಚಿನ, 39 ವ್ಯಾಟಿನ ಟಿ5 ಅನ್ನುವ ತೆಳು ಟ್ಯೂಬ್, 12 ಪರ್ಸೆಂಟ್ ಯುವಿಬಿ (ಯುವಿಯಲ್ಲೇ ಒಂದು ಬಗೆ), ಹಿಂದೆ ಹೊಳೆಯುವ ಬಾಗಿದ ರಿಫ್ಲೆಕ್ಟರ್. 70 ಪೌಂಡ್ ಚಿಲ್ಲರೆ ಕೊಟ್ಟೆ. ಅಮ್ಮ ವೀಡಿಯೋ ಕಾಲ್‌ನಲ್ಲಿ ಮನಸ್ಸಲ್ಲೇ ರೂಪಾಯಿಗೆ ಲೆಕ್ಕ ಹಾಕಿ, "ಒಂದು ಟ್ಯೂಬ್‌ಲೈಟಿಗಾ? ಕಿಟಕಿ ಹತ್ತಿರ ಬಿಸಿಲಿಗೆ ಬಿಡೇ ಅದನ್ನ" ಅಂದರು. ಅಮ್ಮನ ಮಾತು ತುಮಕೂರಿಗೆ ಸರಿ, ಅದೂ ಅಂಗಳದಲ್ಲಿ ಬಿಟ್ಟರೆ. ಕಿಟಕಿ ಗಾಜು ಬೆಳಕು ಬಿಡುತ್ತದೆ, ಬಿಸಿ ಬಿಡುತ್ತದೆ, ಯುವಿಬಿಯನ್ನು ಮಾತ್ರ ತಡೆಯುತ್ತದೆ. ಆಮೆಗೆ ಬೇಕಾಗಿರುವುದು ಅದೇ. ಚರ್ಮದ ಮೇಲೆ ಅದು ಬಿದ್ದರೆ ತಾನೇ ಡಿ3 ವಿಟಮಿನ್ ಆಗುವುದು, ಅದಿದ್ದರೆ ತಾನೇ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದು. ಇಲ್ಲದಿದ್ದರೆ ಮೂಳೆ, ಚಿಪ್ಪು ಎರಡೂ ಮೆತ್ತಗಾಗುತ್ತವೆ. ಇಲ್ಲಿ ಡಿಸೆಂಬರ್ ಮಧ್ಯಾಹ್ನ ಹೊರಗೇ ಬಿಟ್ಟರೂ ಯುವಿ ಇಂಡೆಕ್ಸ್, ಅಂದರೆ ಯುವಿ ಎಷ್ಟು ಜೋರಾಗಿದೆ ಅನ್ನುವ ಅಳತೆ, 1 ದಾಟುವುದು ಅಪರೂಪ. ಬೇಸಿಗೆಯಲ್ಲಿ ಗುಂಡ ಹಿತ್ತಲಲ್ಲೇ ಇರುತ್ತಾನೆ, ಆಗ ಟ್ಯೂಬಿಗೆ ರಜೆ.

ಈ ಕಿಟ್ಟನ್ನು ಮುಖ್ಯವಾಗಿ ಮರದ ಪೆಟ್ಟಿಗೆಯ ಚಾವಣಿಗೆ ಕ್ಲಿಪ್ ಹೊಡೆದು ಕೂರಿಸುತ್ತಾರೆ. ನಮ್ಮದು ಮೇಲೆ ತೆರೆದ ಮೇಜು. ಹಳೇ ಪುಸ್ತಕದ ಕಪಾಟನ್ನು ಅಡ್ಡ ಮಲಗಿಸಿ, ಹಲಗೆಗಳನ್ನು ಕಿತ್ತು ಮಾಡಿದ್ದು. ಹಾಗಾಗಿ ಬಟ್ಟೆ ನೇತುಹಾಕುವ ಕಬ್ಬಿಣದ ಸ್ಟ್ಯಾಂಡನ್ನು ಅದರ ಮೇಲೆ ನಿಲ್ಲಿಸಿ, ಎರಡು ಸರಪಳಿಯಲ್ಲಿ ಟ್ಯೂಬ್ ಇಳಿಬಿಟ್ಟೆ. ಸರಪಳಿ ಯಾಕೆಂದರೆ ಒಂದೊಂದೇ ಕೊಂಡಿ ಏರಿಸಿ ಇಳಿಸಬಹುದು. ಜೊತೆಗೆ ಒಂದು ತಂತಿ ಬೇರೆ ಕಟ್ಟಿದ್ದೇನೆ, ಕೊಂಡಿ ಬಿಚ್ಚಿಕೊಂಡರೂ ಗುಂಡನ ಮೇಲೆ ಬೀಳಬಾರದಲ್ಲ.

ಎಷ್ಟು ಎತ್ತರ? ಇಲ್ಲಿ ನಾನು ಎರಡನೇ ಸಲ ಎಡವಿದೆ. ನನ್ನ ಗೇಣು 19 ಸೆಂಟಿಮೀಟರ್. ಎರಡು ಗೇಣು, 38 ಸೆಂಟಿಮೀಟರ್, ಸರಿ ಅಂತ ಮಣ್ಣಿನಿಂದ ಅಳೆದು ಕಟ್ಟಿದೆ. ಒಂದು ಶನಿವಾರ, ಇಲ್ಲೇ ಆಮೆ ಸಾಕುವ ಪರಿಚಯದವರೊಬ್ಬರು ಸೋಲಾರ್‌ಮೀಟರ್ 6.5 ತಂದರು. ಹಳೇ ಟಿವಿ ರಿಮೋಟಿನಂಥ ಉಪಕರಣ, ಯುವಿ ಇಂಡೆಕ್ಸ್ ತೋರಿಸುತ್ತದೆ. ಮಣ್ಣಿನ ಮಟ್ಟದಲ್ಲಿ 3.3. ಭೇಷ್ ಅಂದುಕೊಂಡೆ. ಅವರು ಏನೂ ಹೇಳದೆ ಮೀಟರನ್ನು ಗುಂಡನ ಬೆನ್ನಿನ ಪಕ್ಕಕ್ಕೆ ಹಿಡಿದರು. 5.4!

ಗುಂಡ ಮಣ್ಣಿನ ಮೇಲೆ ಚಪ್ಪಟೆಯಾಗಿ ಅಂಟಿಕೊಂಡಿರುವುದಿಲ್ಲವಲ್ಲ. ಬಿಸಿಲು ಕಾಯಲು ಅವನು ಹತ್ತುವ ಸ್ಲೇಟ್ ಕಲ್ಲು (ನಮ್ಮ ಕಡಪ ಕಲ್ಲಿನ ಹಾಗೇ ಇದೆ) ಮೂರು ಸೆಂಟಿಮೀಟರ್, ಅದರ ಮೇಲೆ ಅವನ ಚಿಪ್ಪು ಏಳು. ಅಲ್ಲಿಗೆ ಹತ್ತು ಸೆಂಟಿಮೀಟರ್ ಹೋಯಿತು. ಟ್ಯೂಬಿಗೆ ಅಷ್ಟು ಹತ್ತಿರವಾದರೆ ಇಷ್ಟು ವ್ಯತ್ಯಾಸ. ಫರ್ಗುಸನ್ ಅನ್ನುವ ವಿಜ್ಞಾನಿ ಮತ್ತು ಜೊತೆಯವರು ಕಾಡಿನಲ್ಲಿ ಸರೀಸೃಪಗಳ ಹಿಂದೆ ಮೀಟರ್ ಹಿಡಿದು ಓಡಾಡಿ, ಯಾವುದರ ಮೇಲೆ ಎಷ್ಟು ಯುವಿ ಬೀಳುತ್ತದೆ ಅನ್ನುವುದನ್ನು ನೋಡಿ ನಾಲ್ಕು ವಲಯ ಮಾಡಿದ್ದಾರೆ. ಹರ್ಮನ್ ಆಮೆಯನ್ನು ಮೂರನೆಯದಕ್ಕೆ ಸೇರಿಸುತ್ತಾರೆ: ದಿನದ ಸರಾಸರಿ 1ರಿಂದ 2.6, ಹೆಚ್ಚೆಂದರೆ 2.9ರಿಂದ 7.4. ಲೆಕ್ಕಕ್ಕೆ 5.4 ಅದರೊಳಗೇ ಇದೆ. ಆದರೆ ಕಾಡಿನ ಆಮೆಗೆ ಪೊದೆ ಇದೆ, ಮೋಡ ಇದೆ. ಗುಂಡನಿಗೆ ದಿನಕ್ಕೆ ಹನ್ನೊಂದು ಗಂಟೆ ಒಂದೇ ಸಮನೆ ಉರಿಯುವ ಟ್ಯೂಬ್. ಒಮ್ಮೆ ಕಣ್ಣಿನ ಪಾಡು ನೋಡಿದ್ದವಳು ನಾನು. ಕೊಂಡಿ ಏರಿಸಿದೆ. ಈಗ ಅವನ ಬೆನ್ನಿನಿಂದ ಟ್ಯೂಬಿಗೆ ಎರಡು ಗೇಣು, ಮೀಟರಿನಲ್ಲಿ 3.3. ಅವನು ಬೆಳೆದ ಹಾಗೆ ಕೊಂಡಿ ಇನ್ನೂ ಏರಬೇಕು.

ಅದೇ ದಿನ ಇನ್ನೊಂದು ವಿಷಯ ಬಯಲಾಯಿತು. ಪಕ್ಕದ ಮನೆ ಬೆಕ್ಕು ನಮ್ಮಲ್ಲೇ ಬಿಡಾರ ಹೂಡಿರುವುದರಿಂದ ಮೇಜಿನ ಮೇಲೆ ತಂತಿ ಜಾಲರಿ ಮುಚ್ಚಿ, ಟ್ಯೂಬನ್ನು ಅದರ ಮೇಲೆ ಇಳಿಬಿಟ್ಟಿದ್ದೆ. ಅಷ್ಟೂ ಅಂಕಿ ಜಾಲರಿ ತೆಗೆದು ಅಳೆದದ್ದು. ಮುಚ್ಚಿ ಅಳೆದರೆ 3.3 ಇದ್ದದ್ದು 2.1. ಕಣ್ಣಿಗೆ ಒಂದಿಷ್ಟೂ ಮಬ್ಬು ಕಾಣಲಿಲ್ಲ. ಈಗ ಟ್ಯೂಬ್ ಜಾಲರಿಯ ಕೆಳಗೆ, ಬೆಕ್ಕು ಮೇಲೆ.

ಇದು ಶಾಖದ ಲೈಟ್ ಅಲ್ಲ, ನೆನಪಿರಲಿ. ಬಿಸಿಗೆ ಬೇರೆ ಹ್ಯಾಲೊಜನ್ ಬಲ್ಬು ಬೇಕು. ಎರಡನ್ನೂ ಪಕ್ಕಪಕ್ಕದಲ್ಲೇ ಇಡಿ. ನಾನು ಮೊದಲು ಬಿಸಿ ಒಂದು ಮೂಲೆಗೆ, ಯುವಿ ಇನ್ನೊಂದು ಮೂಲೆಗೆ ಇಟ್ಟಿದ್ದೆ, ನೋಡೋಕೆ ಚೆನ್ನಾಗಿರುತ್ತೆ ಅಂತ. ಗುಂಡ ಬಿಸಿ ಕಲ್ಲಿನ ಮೇಲೇ ಕೂತು ಯುವಿ ಕಡೆ ತಿರುಗಿಯೂ ನೋಡಲಿಲ್ಲ. ಅವನ ಲೆಕ್ಕದಲ್ಲಿ ಸೂರ್ಯ ಒಬ್ಬನೇ ಅಲ್ವಾ? ಈಗ ಎರಡೂ ಒಂದೇ ಕಡೆ. ಕಲ್ಲಿನ ಮೇಲೆ 35 ಡಿಗ್ರಿ. ಟ್ಯೂಬನ್ನೂ ಅದೇ ತುದಿಗೆ ಒತ್ತಿಸಿರುವುದರಿಂದ ಇನ್ನೊಂದು ಕೊನೆಯಲ್ಲಿ ನೆರಳು, ತಂಪು, ಅಡಗಿಕೊಳ್ಳಲು ಒಡೆದ ಹೂಕುಂಡ. ಅಲ್ಲಿ ಮೀಟರ್ ಸೊನ್ನೆ.

ಬೆಳಿಗ್ಗೆ ಅವನು ಕಲ್ಲು ಹತ್ತಿದ ಮೇಲೆ ಐದು ನಿಮಿಷ ನಾನು ಕಾಫಿ ಹಿಡಿದು ಅಲ್ಲೇ ನಿಲ್ಲುತ್ತೇನೆ. ಮೊದಲು ಕತ್ತು ನೀಳವಾಗುತ್ತದೆ. ಆಮೇಲೆ ಹಿಂಗಾಲು ಒಂದೊಂದಾಗಿ ಹಿಂದಕ್ಕೆ ಚಾಚಿಕೊಳ್ಳುತ್ತದೆ, ಪಾದದ ಅಡಿ ಮೇಲೆ ಮಾಡಿ, ರೊಟ್ಟಿ ಲಟ್ಟಿಸಿದ ಹಾಗೆ ಮೈಯೆಲ್ಲ ಹರಡುತ್ತದೆ. ಕಣ್ಣು ಮಾತ್ರ ಪೂರ್ತಿ ತೆರೆದಿರುತ್ತದೆ. ಆ ಕಣ್ಣಿಗೇ 70 ಪೌಂಡ್ ವಸೂಲಾಯಿತು.

ಖರ್ಚು ಅಲ್ಲಿಗೆ ಮುಗಿಯುವುದಿಲ್ಲ. ವರ್ಷಕ್ಕೊಮ್ಮೆ ಟ್ಯೂಬ್ ಬದಲಿಸಬೇಕು. ಯುವಿ ಕಡಿಮೆಯಾಗುವುದು ಕಣ್ಣಿಗೆ ಕಾಣುವುದಿಲ್ಲ, ಬೆಳಕು ಬರುತ್ತಲೇ ಇರುತ್ತದೆ. ಹಾಕಿದ ದಿನಾಂಕವನ್ನು ಟ್ಯೂಬಿನ ತುದಿಯ ಮೇಲೆ ಮಾರ್ಕರಿನಲ್ಲಿ ಬರೆಯುತ್ತೇನೆ. ನಾನು ಸ್ವಲ್ಪ ಜಿಪುಣಿ, ಹದಿನಾಲ್ಕು ತಿಂಗಳು ಎಳೆದೆ. ಮತ್ತೆ ಮೀಟರ್ ತರಿಸಿ ನೋಡಿದರೆ ಅದೇ ಎತ್ತರದಲ್ಲಿ 2.4. ಬದಲಿಸಿದೆ. "ಇನ್ನೂ ಉರೀತಿದೆಯಲ್ಲೇ, ಅಡುಗೆಮನೆಗೆ ಹಾಕ್ಕೋ" ಅಂದರು ಅಮ್ಮ. ಬೇಡ ಅಮ್ಮ, ಇದು ಮನುಷ್ಯರ ಮೇಲೆ ದಿನವಿಡೀ ಬೀಳುವ ಲೈಟಲ್ಲ. ಒಳಗೆ ಪಾದರಸ ಇರುವುದರಿಂದ ಕಸದ ಡಬ್ಬಿಗೂ ಹಾಕುವ ಹಾಗಿಲ್ಲ, ಕೌನ್ಸಿಲಿನವರ ಕೇಂದ್ರಕ್ಕೇ ಒಯ್ದು ಕೊಡಬೇಕು. ಮೂರು ವಾರದಿಂದ ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ನನ್ನ ಕಾರಿನ ಡಿಕ್ಕಿಯಲ್ಲಿ ಆಫೀಸಿಗೆ ಹೋಗಿ ಬರುತ್ತಿದೆ.