ಸೆಟ್‌ಟಾಪ್ ಬಾಕ್ಸ್‌ಗೆ ನೆಟ್: ವೈಫೈ ಡಾಂಗಲ್ಲೋ, ಲ್ಯಾನ್ ಕೇಬಲ್ಲೋ?

ಯುಎಸ್‌ಬಿ ವೈಫೈ ಡಾಂಗಲ್ (ಬಾಕ್ಸ್‌ನ ಯುಎಸ್‌ಬಿ ಪೋರ್ಟ್‌ಗೆ ಚುಚ್ಚಿ ವೈಫೈ ಹಿಡಿಯುವ ಪುಟ್ಟ ಸಾಧನ) ಆದರೆ ವೈರ್ ಎಳೆಯುವ ಕೆಲಸವಿಲ್ಲ. ಆದರೆ ಕೈಗೆ ಸಿಕ್ಕಿದ್ದನ್ನು ತಂದು ಚುಚ್ಚಿದರೆ ನಡೆಯಲ್ಲ. ಅದರ ಚಿಪ್‌ಗೆ ಬೇಕಾದ ಡ್ರೈವರ್ (ಅದನ್ನು ನಡೆಸುವ ಪುಟ್ಟ ಪ್ರೋಗ್ರಾಂ) ಬಾಕ್ಸ್‌ನ ಸಾಫ್ಟ್‌ವೇರ್‌ನಲ್ಲಿ ಇರಲೇಬೇಕು. ಇಲ್ಲದಿದ್ದರೆ ಡಾಂಗಲ್ ಲೈಟ್ ಹತ್ತಿದರೂ ಮೆನುವಿನಲ್ಲಿ ವೈಫೈ ಕಾಣಿಸಲ್ಲ. ಆರ್‌ಟಿ5370 ಚಿಪ್‌ನವು ತುಂಬಾ ಬಾಕ್ಸ್‌ಗಳಲ್ಲಿ ಓಡುತ್ತವೆ. ಅದು ಹಿಡಿಯುವುದು 2.4 ಗಿಗಾಹರ್ಟ್ಜ್ ಬ್ಯಾಂಡಿನ ವೈಫೈ ಮಾತ್ರ, ರೂಟರ್‌ನಲ್ಲಿ ಆ ಬ್ಯಾಂಡ್ ಆನ್ ಇರಲಿ.

ಕೊಪ್ಪಳದ ಹಳೇ ಕಲ್ಲಿನ ಮನೆಗಳಲ್ಲಿ ಗೋಡೆ ದಪ್ಪ, ಸಿಗ್ನಲ್ ದಾಟೋದೇ ಕಷ್ಟ ಅಲ್ವಾ? ಡಾಂಗಲನ್ನು ಬಾಕ್ಸ್ ಹಿಂದೆ ಬಚ್ಚಿಡಬೇಡಿ. ಯುಎಸ್‌ಬಿ ಎಕ್ಸ್‌ಟೆನ್ಶನ್ ಹಾಕಿ ಟಿವಿ ಪಕ್ಕಕ್ಕೆ ತನ್ನಿ.

ರೂಟರ್‌ನಿಂದ ಬಾಕ್ಸ್‌ಗೆ ಎಳೆಯುವ ಲ್ಯಾನ್ ಕೇಬಲ್‌ಗೆ ಈ ರಗಳೆಯಿಲ್ಲ, 100 ಮೀಟರ್‌ವರೆಗೂ ಎಳೆಯಬಹುದು. ಬಾಕ್ಸ್‌ನಲ್ಲಿ ಲ್ಯಾನ್ ಪೋರ್ಟ್ ಇದ್ದು, ರೂಟರ್ ಅದೇ ಹಾಲ್‌ನಲ್ಲಿದ್ದರೆ ಸುಮ್ನೆ ಕೇಬಲ್ ಹಾಕಿಬಿಡಿ. ಬಾಡಿಗೆ ಮನೆಯ ಮಾಲೀಕರು ಗೋಡೆ ಕೊರೆಯಲು ಒಪ್ಪದಿದ್ದರೆ ಡಾಂಗಲ್ಲೇ ಸರಿ.