ಕಾಂಗರೂ ದ್ವೀಪಕ್ಕೆ ಒಂದೇ ದಿನದ ಬಸ್ ಟೂರ್ ಬುಕ್ ಮಾಡುವ ಮೊದಲು ಓದಿ

ಆಸ್ಟ್ರೇಲಿಯಾದ ಅಡಿಲೇಡ್‌ನಿಂದ ಕಾಂಗರೂ ದ್ವೀಪಕ್ಕೆ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರುವ ಗುಂಪು ಪ್ರವಾಸಗಳಿವೆ. ಪ್ರಾಣಿಗಳು, ಬೀಚ್, ಬಂಡೆ, ಎಲ್ಲಾ ಒಂದೇ ದಿನದಲ್ಲಿ ಅನ್ನುತ್ತಾರೆ. ಅಪ್ಪ, ಅಮ್ಮ ಬಂದಿದ್ದಾಗ ಅಂಥದ್ದೊಂದರಲ್ಲಿ ಹೋಗಿದ್ದೆವು. ಕಂಪನಿಯ ಹೆಸರು ಬೇಡ. ನಡೆದದ್ದನ್ನು ಮಾತ್ರ ಹೇಳುತ್ತೇನೆ.

ಮೊದಲು ದಾರಿಯ ಲೆಕ್ಕ ನೋಡಿ. ಅಡಿಲೇಡ್‌ನಿಂದ ಫೆರ್ರಿ ಹತ್ತುವ ಕೇಪ್ ಜರ್ವಿಸ್‌ಗೆ 100 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಬಸ್ಸಿನಲ್ಲಿ ಹತ್ತಿರ ಹತ್ತಿರ ಎರಡು ಗಂಟೆ. ಅಲ್ಲಿಂದ ದ್ವೀಪದ ಪೆನೆಶಾ ಊರಿಗೆ ಫೆರ್ರಿಯಲ್ಲಿ 45 ನಿಮಿಷ. ದ್ವೀಪ ಅಂದರೆ ಪುಟ್ಟ ಜಾಗ ಅಂದುಕೊಳ್ಳಬೇಡಿ, ಅದರ ಉದ್ದವೇ ಸುಮಾರು 150 ಕಿಲೋಮೀಟರ್. ಫೆರ್ರಿ ಇಳಿಸುವುದು ಪೂರ್ವದ ತುದಿಯಲ್ಲಿ. ಜಾಹೀರಾತಿನ ಫೋಟೋದಲ್ಲಿರುವ ರಿಮಾರ್ಕಬಲ್ ರಾಕ್ಸ್ ಎಂಬ ಬಂಡೆಗಳು ಇರುವುದು ಪಶ್ಚಿಮದ ತುದಿಯಲ್ಲಿ. ಅಲ್ಲಿಗೆ ಹೋಗಲು ಸುಮಾರು ಎರಡು ಗಂಟೆ, ಬರಲು ಮತ್ತೆ ಅಷ್ಟೇ. ಹೋಟೆಲ್ ಹೋಟೆಲ್ ಸುತ್ತಿ ಜನರನ್ನು ಹತ್ತಿಸಿಕೊಳ್ಳುವ ಹೊತ್ತು ಬೇರೆ. ದಿನದ ಬಹುಪಾಲು ಕಿಟಕಿಯ ಗಾಜಿನ ಹಿಂದೆಯೇ ಕಳೆಯಿತು.

ನಾವು ಮುಖ್ಯವಾಗಿ ಹೋಗಿದ್ದು ದ್ವೀಪದ ಸೀಲ್ ಬೇ ಎಂಬ ಬೀಚಿನ ಕಡಲಸಿಂಹಗಳಿಗಾಗಿ. ಆಸ್ಟ್ರೇಲಿಯಾ ಬಿಟ್ಟರೆ ಬೇರೆಲ್ಲೂ ಇಲ್ಲದ, ಅಳಿವಿನಂಚಿನಲ್ಲಿರುವ ಜಾತಿ ಅದು. ದಿನಗಟ್ಟಲೆ ಸಮುದ್ರದಲ್ಲಿ ಬೇಟೆಯಾಡಿ, ಸುಸ್ತಾಗಿ ಮರಳಿನ ಮೇಲೆ ಬಂದು ಮಲಗುತ್ತವೆ. ಅಲ್ಲಿ ಎರಡು ಥರದ ಟಿಕೆಟ್ ಇದೆ. ಒಂದರಲ್ಲಿ ಅಲ್ಲಿನ ಗೈಡ್ ಜೊತೆಗೆ ಮರಳಿಗೇ ಇಳಿಯಬಹುದು. ಇನ್ನೊಂದರಲ್ಲಿ ಮರದ ಅಟ್ಟಣೆಯ ಮೇಲೆ ನಿಂತು ನೋಡಬೇಕು, ಅಷ್ಟೇ. ಗೈಡ್ ಇಲ್ಲದೆ ಬೀಚಿಗೆ ಬಿಡುವುದಿಲ್ಲ, ಅದು ಸರಿಯಾದ ನಿಯಮವೇ. ನಮ್ಮ ಬುಕಿಂಗ್ ಪುಟದಲ್ಲಿ ‘ಕಡಲಸಿಂಹಗಳ ನಡುವೆ ಬೀಚ್ ನಡಿಗೆ’ ಎಂದಿತ್ತು. ಕೈಗೆ ಬಂದದ್ದು ಅಟ್ಟಣೆಯ ಟಿಕೆಟ್. ಕೇಳಿದರೆ ಡ್ರೈವರ್, ಗೈಡ್ ಎರಡೂ ಆಗಿದ್ದವರು, ‘ಪ್ರಾಣಿ ಅದೇ ಅಲ್ವಾ, ಲೇಟ್ ಆಗಿದೆ’ ಅನ್ನೋ ಥರದ ಉತ್ತರ ಕೊಟ್ಟರು. ಅಷ್ಟು ದೂರದಿಂದ ಅವು ಅಮ್ಮನಿಗೆ ಕಂಡದ್ದು ಕಂದು ಮೂಟೆಗಳ ಹಾಗೆ. ‘ಅದರಲ್ಲಿ ತಲೆ ಯಾವ ಕಡೆಗಿದೆಯೋ’ ಅಂತ ಕೇಳುತ್ತಲೇ ಇದ್ದರು.

‘ಕಾಡಿನ ಕೋಲಾ’ ಅಂತಲೂ ಬರೆದಿದ್ದರು. ತೋರಿಸಿದ್ದು ಬೇಲಿಯೊಳಗಿನ ಪಾರ್ಕಿನಲ್ಲಿ. 2019-20ರ ಕಾಳ್ಗಿಚ್ಚಿನಲ್ಲಿ ದ್ವೀಪದ ಅರ್ಧದಷ್ಟು ಸುಟ್ಟುಹೋಗಿತ್ತು, ಕೋಲಾಗಳೂ ಬಹಳಷ್ಟು ಸತ್ತವು. ಕಾಡಿನಲ್ಲಿ ಕಾಣಲಿಲ್ಲ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬರೆದು ಆಸೆ ಹುಟ್ಟಿಸಿದ್ದೇ ತಪ್ಪು. ಇನ್ನು ವಿವೋನ್ ಬೇ ಬೀಚ್? ಟಾಯ್ಲೆಟ್ ಕ್ಯೂ ಮುಗಿಯುವಷ್ಟರಲ್ಲಿ ಹಾರ್ನ್ ಕೇಳಿಸಿತು.

ಇದೆಲ್ಲ ದುಡ್ಡಿನ ಮಾತು, ಬಿಡಿ. ಸಿಟ್ಟು ಬಂದದ್ದು ವಾಪಸ್ ಬರುವಾಗ. ಸಂಜೆಯ ಫೆರ್ರಿ ತಪ್ಪಬಾರದು ಅಂತ ಬಸ್ಸನ್ನು ಓಡಿಸಿದ್ದೇ ಓಡಿಸಿದ್ದು. ಕಾಂಗರೂ, ಅದರಂತೆಯೇ ಇರುವ ಚಿಕ್ಕ ವಾಲಬಿಗಳು ಮೇಯಲು ರಸ್ತೆ ಬದಿಗೆ ಬರುವುದೇ ಸೂರ್ಯ ಮುಳುಗುವ ಹೊತ್ತಿಗೆ. ಆ ಹೊತ್ತಿನಲ್ಲಿ ನಿಧಾನ ಹೋಗಿ ಅಂತ ಪ್ರವಾಸಿಗರಿಗೆಲ್ಲ ಹೇಳುತ್ತಾರೆ. ಒಂದು ವಾಲಬಿ ಅಡ್ಡ ಬಂತು, ಬ್ರೇಕ್ ಬಿತ್ತು. ಅಪ್ಪನ ಸೀಟ್ ಬೆಲ್ಟಿನ ಕೊಕ್ಕೆ ಸಿಕ್ಕಿಕೊಳ್ಳುತ್ತಿರಲಿಲ್ಲ. ಬೆಳಿಗ್ಗೆಯೇ ಹೇಳಿದ್ದೆವು, ‘ಆಮೇಲೆ ನೋಡೋಣ’ ಎಂದಿದ್ದರು. ಹಣೆ ಮುಂದಿನ ಸೀಟಿಗೆ ಬಡಿದು ಊದಿಕೊಂಡಿತು. ಡ್ರೈವರ್ ಹಿಂದೆ ತಿರುಗಿ ‘ಎಲ್ಲಾ ಓಕೆನಾ’ ಅಂದವರು ಉತ್ತರಕ್ಕೂ ಕಾಯದೆ ಹೊರಟರು.

ಹಾಗಾಗಿ ಬುಕ್ ಮಾಡುವ ಮೊದಲು ಪ್ರತಿ ಜಾಗದಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತೀರಿ, ಸೀಲ್ ಬೇಗೆ ಯಾವ ಟಿಕೆಟ್, ವಾಪಸ್ ಯಾವ ಫೆರ್ರಿ ಅಂತ ಇಮೇಲ್‌ನಲ್ಲೇ ಕೇಳಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಬೆಲ್ಟ್ ಕೆಟ್ಟಿದ್ದರೆ ಸೀಟು ಬದಲಿಸದೆ ಬಸ್ ಹೊರಡಲು ಬಿಡಬೇಡಿ. ಜೇನುತುಪ್ಪ ಒಯ್ಯಬೇಡಿ. ಅಲ್ಲಿನ ಲಿಗೂರಿಯನ್ ಎಂಬ ತಳಿಯ ಜೇನುನೊಣಗಳಿಗೆ ರೋಗ ತಗಲದಿರಲಿ ಅಂತ ಹೊರಗಿನ ಜೇನಿಗೆ ನಿಷೇಧವಿದೆ. ಇದನ್ನೂ ನಮಗೆ ಟೂರಿನವರು ಹೇಳಿರಲಿಲ್ಲ. ಸಾಧ್ಯವಾದರೆ ದ್ವೀಪದಲ್ಲೇ, ಪೆನೆಶಾ ಅಥವಾ ಕಿಂಗ್ಸ್‌ಕೋಟ್ ಊರಿನಲ್ಲಿ ಒಂದು ರಾತ್ರಿ ಉಳಿಯಿರಿ. ಖರ್ಚು ಜಾಸ್ತಿ, ನಿಜ. ಆದರೆ ಕತ್ತಲಾಗುವ ಹೊತ್ತಿನಲ್ಲಿ ಯಾರೂ ಬಸ್ ಓಡಿಸುವ ಅಗತ್ಯವಿರುವುದಿಲ್ಲ.

ಬುಕ್ ಮಾಡಿದ ದಿನವೇ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಹೇಳಿದ ಸೇವೆ ಕೊಡದಿದ್ದರೆ ಆಸ್ಟ್ರೇಲಿಯಾದ ಗ್ರಾಹಕ ಕಾನೂನಿನಡಿ ಪರಿಹಾರ ಕೇಳಬಹುದು. ನಾವೂ ಕೇಳಿದ್ದೇವೆ, ಇನ್ನೂ ಉತ್ತರವಿಲ್ಲ. ಅವರ ಪುಟದಲ್ಲಿ ಮಾತ್ರ ‘ಬೀಚ್ ನಡಿಗೆ’ ಹೋಗಿ ಈಗ ‘ಕಡಲಸಿಂಹ ವೀಕ್ಷಣೆ’ ಎಂದಾಗಿದೆ.